ಗೃಹಸ್ಥರ ಪುಟ: ನಂಬಿದವರ ಸಂದೇಹ



ಬೆಳೆಯ ವಿಷಯದಲ್ಲಿಯೂ, ಮಕ್ಕಳ ವಿವಾಹದ ವಿಷಯದಲ್ಲಿಯೂ, ಸಾಲಸೋಲದ ವಿಷಯದಲ್ಲಿಯೂ ಮನುಷ್ಯನು ನಿಶ್ಚಯವನ್ನು ಬಯಸುತ್ತಾನೆ. ಮಳೆ ಬಂದೀತೇ, ಸಂಬಂಧ ಕೂಡಿಬಂದೀತೇ, ಕೊಟ್ಟ ಗಡುವಿನೊಳಗೆ ಹಣವೊದಗೀತೇ ಎಂಬ ಚಿಂತೆಗಳು ನಮ್ಮ ನಿದ್ರೆಯನ್ನು ಕೆಡಿಸುತ್ತವೆ. ಆದರೆ ಈ ಪ್ರಶ್ನೆಗಳಿಗೆಲ್ಲ ಒಂದಲ್ಲ ಒಂದು ದಿನ ಉತ್ತರ ದೊರೆಯುತ್ತದೆ. ಉತ್ತರವು ಕಹಿಯಾದರೂ ಪ್ರಶ್ನೆಯು ತೀರಿಹೋಗುತ್ತದೆ. ಬದುಕಿರುವವರೆಗೂ ತೀರದೆ ಉಳಿಯುವ ಪ್ರಶ್ನೆಯೊಂದುಂಟು: ‘ಕೊನೆಗೆ ನನ್ನ ಗತಿಯೇನು?’ ಎಂಬುದು. ಈ ಪ್ರಶ್ನೆಯು ನಮ್ಮ ನೆರೆಯ ಕ್ರೈಸ್ತರ ಮನೆಗಳಲ್ಲಿ ಯಾವ ರೂಪವನ್ನು ತಾಳುತ್ತದೆ, ಅದನ್ನು ಅವರ ಹಿರಿಯರು ಹೇಗೆ ಎದುರಿಸಿದರು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ನಾನು ಆ ಮತದವನಲ್ಲ; ಸಂಸ್ಕೃತವನ್ನು ಓದಿ, ಅದನ್ನೇ ಮಕ್ಕಳಿಗೆ ಪಾಠ ಹೇಳಿ ವಯಸ್ಸು ಕಳೆದವನು. ಆದಾಗ್ಯೂ ಮತವು ಬೇರೆಯಾದ ಮಾತ್ರಕ್ಕೆ ರೋಗಿಯ ಮಂಚದ ಬಳಿಯ ದುಃಖವು ಬೇರೆಯಾಗುವುದಿಲ್ಲ. ಹಿಂದೆ ನನ್ನ ಶಿಷ್ಯೆಯಾಗಿದ್ದು ಈಗ ತಾನೇ ಉಪಾಧ್ಯಾಯಿನಿಯಾಗಿರುವ ಒಬ್ಬ ಕ್ರೈಸ್ತ ಗೃಹಿಣಿಯು ಬಿಳಿಗೆರೆಗೆ ಬಂದಿದ್ದಾಗ ಹೇಳಿಕೊಂಡ ಮಾತೇ ಈ ಲೇಖನಕ್ಕೆ ಕಾರಣವಾಯಿತು. ಆಕೆಯ ತಂದೆಗೆ ಎಂಬತ್ತು ವರ್ಷ ದಾಟಿದೆ. ಹಾಸಿಗೆ ಹಿಡಿದು ಕೆಲವು ತಿಂಗಳಾಗಿದೆ.

“ಮೇಷ್ಟ್ರೇ, ನಮ್ಮಪ್ಪ ಭಾನುವಾರದ ಆರಾಧನೆಯನ್ನು ತಪ್ಪಿಸಿದವರಲ್ಲ. ಈಗ ರಾತ್ರಿಯೆಲ್ಲ ‘ನನ್ನ ಹೆಸರು ಅಲ್ಲಿ ಬರೆದಿದೆಯೇನಮ್ಮ?’ ಎಂದು ಕೇಳುತ್ತಾರೆ. ‘ಬರೆದಿದೆ ಅಪ್ಪ’ ಎನ್ನುತ್ತೇನೆ. ‘ನಿನಗೆ ಹೇಗೆ ಗೊತ್ತು?’ ಎನ್ನುತ್ತಾರೆ. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಇಷ್ಟು ಕಾಲ ನಂಬಿದವರಿಗೆ ಇಂಥ ಸಂದೇಹ ಬರಬಹುದೇ? ಬಂದಮೇಲೆ ಅವರು ನಂಬಿದ್ದೇ ಸುಳ್ಳೆಂದಾಯಿತೇ?”

“ನಿಮ್ಮ ಪಾದ್ರಿಗಳನ್ನು ಕೇಳಲಿಲ್ಲವೇ ತಾಯಿ?” ಎಂದೆನು.

“ಕೇಳುತ್ತೇನೆ ಮೇಷ್ಟ್ರೇ. ಆದರೆ ಸಭೆಯವರಿಗೆ ತಿಳಿದರೆ ಅಪ್ಪನನ್ನು ಏನೆಂದುಕೊಳ್ಳುವರೋ ಎಂಬ ನಾಚಿಕೆ. ಮೊದಲು ಯಾರೊಡನೆಯಾದರೂ ಬಾಯಿಬಿಟ್ಟು ಹೇಳಬೇಕಾಗಿತ್ತು.”

ಆಕೆಯ ಪ್ರಶ್ನೆಗಳು ಎರಡು. ನಂಬಿದವನಿಗೆ ಸಂದೇಹವು ಬರಬಹುದೇ ಎಂಬುದು ಒಂದು. ‘ಹೇಗೆ ಗೊತ್ತು’ ಎಂಬುದಕ್ಕೆ ಉತ್ತರವೇನು ಎಂಬುದು ಮತ್ತೊಂದು. ಇವುಗಳನ್ನು ಬೇರೆಬೇರೆಯಾಗಿಯೇ ನೋಡತಕ್ಕದ್ದು.

ಮೊದಲು ಆ ಮತದ ಮಾತನ್ನು ತಿಳಿದುಕೊಳ್ಳೋಣ. ಕ್ರೈಸ್ತರು ‘ರಕ್ಷಣೆ’ ಎಂದು ಕರೆಯುವುದು ಪಾಪದ ಕ್ಷಮೆಯನ್ನೂ ದೇವರ ಸನ್ನಿಧಿಯ ನಿತ್ಯಜೀವವನ್ನೂ. ಅದು ದುಡಿದವನಿಗೆ ಸಲ್ಲುವ ಕೂಲಿಯಲ್ಲ, ಯೇಸುವಿನ ಶಿಲುಬೆಯ ಮೂಲಕ ಬರುವ ಕೃಪೆಯ ದಾನ ಎಂಬುದು ಅವರ ಸಿದ್ಧಾಂತ. ಆ ದಾನವು ತನಗೂ ದೊರೆತಿದೆಯೆಂಬ ಅರಿವಿಗೆ ರಕ್ಷಣೆಯ ನಿಶ್ಚಯವೆಂದು ಹೆಸರು. ಈ ನಿಶ್ಚಯವು ಎಷ್ಟರಮಟ್ಟಿಗೆ ಸಾಧ್ಯವೆಂಬುದರಲ್ಲಿ ಅವರಲ್ಲಿಯೇ ಮತಭೇದವುಂಟು. ಆ ಭೇದಗಳೆಲ್ಲವೂ ನಮ್ಮ ಕನ್ನಡ ನಾಡಿಗೂ ಬಂದು ನೆಲೆಸಿರುತ್ತವೆ.

ರೋಮನ್ ಕ್ಯಾಥೊಲಿಕರು ನಮ್ಮ ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ಇದ್ದಾರೆ. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಗ್ರಂಥ ಬರೆದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಇಲ್ಲಿಯೇ ಕೆಲಸಮಾಡಿ 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರೇ. ಈ ಪಂಥದವರು 1547ರಲ್ಲಿ ಟ್ರೆಂಟ್ ನಗರದ ಮಹಾಸಭೆಯಲ್ಲಿ ಮಾಡಿದ ನಿರ್ಣಯವೇನೆಂದರೆ, ದೇವರ ಕರುಣೆಯಲ್ಲಿ ಯಾರೂ ಸಂದೇಹಪಡಕೂಡದು. ಆದರೆ ವಿಶೇಷವಾದ ದೈವಪ್ರಕಟನೆಯಿಲ್ಲದೆ ‘ನನಗೆ ಮೋಕ್ಷವು ಖಂಡಿತ’ ಎಂದು ಯಾರೂ ಸಾಧಿಸಿ ಹೇಳಲೂ ಕೂಡದು. ದೃಢವಾದ ಭರವಸೆಯಿಂದ ಬಾಳುವುದೇ ಸರಿಯೆಂಬುದು ಅವರ ಮಾತು.

ಬಳ್ಳಾರಿಯಲ್ಲಿ ನೆಲಸಿ, 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಅಚ್ಚುಮಾಡಿಸಿದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿಗೆ ಸೇರಿದವನು. ಆ ಮಿಷನ್ನಿನ ಬಹುಮಂದಿಯ ಬೋಧನೆಯಲ್ಲಿ ಕ್ಯಾಲ್ವಿನನ ಛಾಯೆಯಿತ್ತು. ದೇವರು ಒಮ್ಮೆ ಹಿಡಿದ ಕೈಯನ್ನು ಎಂದಿಗೂ ಬಿಡುವುದಿಲ್ಲವೆಂಬುದು ಆ ಬೋಧನೆಯ ಸಾರ. ಮೈಸೂರಿನಲ್ಲಿ ಶಾಲೆಗಳನ್ನೂ ಆಸ್ಪತ್ರೆಯನ್ನೂ ಸ್ಥಾಪಿಸಿ, 1887ರಿಂದ ‘ವೃತ್ತಾಂತ ಪತ್ರಿಕೆ’ಯನ್ನು ಹೊರಡಿಸಿದ ವೆಸ್ಲಿಯನ್ ಮಿಷನ್ನಿನವರು ಬೇರೊಂದು ರೀತಿ ಹೇಳಿದರು. ದೇವರ ಆತ್ಮವೇ ನಂಬಿದವನ ಹೃದಯದಲ್ಲಿ ಸಾಕ್ಷಿ ನುಡಿಯುವುದರಿಂದ ನಿಶ್ಚಯವು ಈ ಜನ್ಮದಲ್ಲಿಯೇ ಸಾಧ್ಯ; ಆದರೆ ಮನುಷ್ಯನು ತಾನಾಗಿ ಕೈಬಿಟ್ಟು ಜಾರುವುದೂ ಉಂಟು ಎಂದು ಅವರ ಮತ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಈ ಎರಡು ಪರಂಪರೆಗಳವರೂ ಒಂದೇ ಮನೆಯವರಾದರು. ನಿಶ್ಚಯದ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವರು ಒಂದೇ ಪಂಕ್ತಿಯಲ್ಲಿ ಕುಳಿತು ದೇವರನ್ನು ಆರಾಧಿಸಬಹುದೆಂಬುದು ಇದರಿಂದ ವಿದಿತವಾಗುತ್ತದೆ.

ಸಂಸ್ಕೃತವನ್ನು ಬಲ್ಲವರಿಗೆ ಈ ವಾದವು ಹೊಸದಾಗಿ ಕಾಣದು. ಶ್ರೀವೈಷ್ಣವರಲ್ಲಿ ವಡಗಲೆಯವರು ಮರ್ಕಟಕಿಶೋರನ್ಯಾಯವನ್ನು ಹೇಳುತ್ತಾರೆ. ಕೋತಿಯ ಮರಿಯು ತಾಯಿಯನ್ನು ತಾನೇ ಅವಚಿಕೊಳ್ಳಬೇಕು. ತೆಂಗಲೆಯವರು ಮಾರ್ಜಾಲಕಿಶೋರನ್ಯಾಯವನ್ನು ಹೇಳುತ್ತಾರೆ. ಬೆಕ್ಕಿನ ಮರಿಯು ಸುಮ್ಮನಿದ್ದರೂ ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ನಮಗೆ ಸಮೀಪದ ಕೊಳ್ಳೇಗಾಲದ ಸತ್ಯಾಗಾಲದಲ್ಲಿ ಕೆಲಕಾಲ ವಾಸವಾಗಿದ್ದರೆಂದು ಪರಂಪರೆಯು ಹೇಳುವ ವೇದಾಂತದೇಶಿಕರು ಶರಣಾಗತಿಯ ಅಂಗಗಳಲ್ಲಿ ‘ರಕ್ಷಿಸುವನೆಂಬ ವಿಶ್ವಾಸ’ವನ್ನು ಮುಖ್ಯವಾಗಿ ಎಣಿಸಿದರು. ಈ ಸಾಮ್ಯವನ್ನು ಕಂಡು ಜರ್ಮನಿಯ ಪಂಡಿತ ರುಡಾಲ್ಫ್ ಆಟೋ 1930ರಲ್ಲಿ ಒಂದು ಗ್ರಂಥವನ್ನೇ ಬರೆದನು. ಎರಡು ಮತಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ, ಭೇದಗಳು ಬಹಳವಿವೆ. ಆದರೆ ಕೃಪೆಯನ್ನು ನೆಚ್ಚಿದ ಕಡೆಯಲ್ಲೆಲ್ಲ ‘ಆ ಕೃಪೆ ನನಗೂ ಉಂಟೇ?’ ಎಂಬ ಅಳುಕು ಹುಟ್ಟಿಯೇ ಹುಟ್ಟುತ್ತದೆ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ನಂಬಿದವನಿಗೆ ಸಂದೇಹವು ಬರಬಹುದೇ? ಕ್ರೈಸ್ತರ ಚರಿತ್ರೆಯನ್ನೇ ಸಾಕ್ಷಿಗೆ ಕರೆಯುತ್ತೇನೆ.

ವೆಸ್ಲಿಯನ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು 1736ರ ಜನವರಿಯಲ್ಲಿ ಅಮೆರಿಕೆಗೆ ಹೋಗುವ ಹಡಗಿನಲ್ಲಿ ಬಿರುಗಾಳಿಗೆ ಸಿಕ್ಕಿದನು. ಜೊತೆಯಲ್ಲಿದ್ದ ಮೊರಾವಿಯನ್ ಪಂಥದ ಜರ್ಮನರು ಹೆಂಗಸರು ಮಕ್ಕಳೆನ್ನದೆ ಶಾಂತರಾಗಿ ಕೀರ್ತನೆ ಹಾಡುತ್ತಿದ್ದರು. ಪಾದ್ರಿಯಾದ ತಾನೇ ಮರಣಕ್ಕೆ ನಡುಗುತ್ತಿರುವುದನ್ನು ಅವನು ಕಂಡುಕೊಂಡನು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಅವನ ಹೃದಯವು ಬೆಚ್ಚಗಾಗಿ, ಪಾಪಕ್ಷಮೆಯ ನಿಶ್ಚಯವು ಉಂಟಾಯಿತು. ಕಥೆಯು ಇಲ್ಲಿಗೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ, ಮುಗಿಯಲಿಲ್ಲ. ಎಂಟು ತಿಂಗಳೊಳಗಾಗಿ, 1739ರ ಜನವರಿಯಲ್ಲಿ, ತಾನು ಇನ್ನೂ ಕ್ರೈಸ್ತನಲ್ಲವೆಂದು ಅವನೇ ದಿನಚರಿಯಲ್ಲಿ ಬರೆದುಕೊಂಡನು. 1766ರಲ್ಲಿ, ಅಂದರೆ ಸಾವಿರಾರು ಜನರಿಗೆ ನಿಶ್ಚಯವನ್ನು ಬೋಧಿಸಿಯಾದ ಮೇಲೆ, ತಮ್ಮನಾದ ಚಾರ್ಲ್ಸನಿಗೆ ಬರೆದ ಪತ್ರದಲ್ಲಿ ತನ್ನ ಹೃದಯದ ಶೂನ್ಯತೆಯನ್ನು ಮರೆಮಾಚದೆ ತೋಡಿಕೊಂಡನು. ತರುಣನಾಗಿದ್ದಾಗ ನಿಶ್ಚಯವಿಲ್ಲದಿದ್ದರೆ ನಂಬಿಕೆಯೇ ಇಲ್ಲವೆಂದು ಬೋಧಿಸಿದವನು 1768ರ ಹೊತ್ತಿಗೆ ಆ ಮಾತನ್ನು ಬಿಟ್ಟಿದ್ದನು. ದೇವರು ಅಂಗೀಕರಿಸಿದ ವ್ಯಕ್ತಿಗೂ ಆ ಅಂಗೀಕಾರದ ಅರಿವು ಕೆಲವು ವೇಳೆ ಇಲ್ಲದಿರಬಹುದೆಂದು ಒಪ್ಪಿದನು.

ಮತ್ತೊಂದು ದೃಷ್ಟಾಂತವು ನಮ್ಮ ಕರಾವಳಿಯದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. 1838ರಲ್ಲಿ ಅಲ್ಲಿಗೆ ಬಂದು, ಮರುವರ್ಷ ತಲಶ್ಶೇರಿಗೆ ಹೋಗಿ, ಮಲೆಯಾಳ ಭಾಷೆಗೆ ಮಹಾನಿಘಂಟನ್ನು ರಚಿಸಿಕೊಟ್ಟ ಹರ್ಮನ್ ಗುಂಡರ್ಟನು ವಿದ್ಯಾರ್ಥಿದೆಶೆಯಲ್ಲಿ ಡೇವಿಡ್ ಸ್ಟ್ರೌಸ್ ಎಂಬ ಗುರುವಿನ ಪ್ರಭಾವಕ್ಕೆ ಒಳಗಾಗಿದ್ದನು. ಸುವಾರ್ತೆಗಳ ಅದ್ಭುತಗಳನ್ನು ಪುರಾಣಕಲ್ಪನೆಯೆಂದು ವಾದಿಸಿ 1835ರಲ್ಲಿ ಯೂರೋಪನ್ನೇ ಕಲಕಿದ ಸ್ಟ್ರೌಸ್ ಅವನೇ. ಗುಂಡರ್ಟನ ನಂಬಿಕೆಯು ಆಗ ಬುಡಸಹಿತ ಅಲುಗಿತು. 1833ರಲ್ಲಿ ಅವನು ಬಹಳ ಹೋರಾಟದ ಮೇಲೆ ಹಿಂದಿರುಗಿದನು. ಇವನ ಮೊಮ್ಮಗನೇ ‘ಸಿದ್ಧಾರ್ಥ’ವನ್ನು ಬರೆದ ಹರ್ಮನ್ ಹೆಸ್ಸೆ. 1892ರಲ್ಲಿ, ಹದಿನಾಲ್ಕು ವರ್ಷದ ಹುಡುಗನಾದ ಹೆಸ್ಸೆಯು ತಾತನು ಓದಿದ್ದ ಮೌಲ್‌ಬ್ರಾನಿನ ಮತಪಾಠಶಾಲೆಯಿಂದಲೇ ಓಡಿಹೋದನು. ಮನೆಯವರೆಲ್ಲ ತಲ್ಲಣಿಸಿದರು. ಗದರಿಕೆಯನ್ನು ನಿರೀಕ್ಷಿಸಿ ತಾತನೆದುರು ನಿಂತವನಿಗೆ ಆ ವೃದ್ಧನು ವಿನೋದದ ಒಂದು ಮಾತನ್ನಾಡಿ ನಕ್ಕನಂತೆ. ಸಂದೇಹದ ಕಾಡನ್ನು ತಾನೇ ಹಾದುಬಂದವನಿಗೆ ಅಲ್ಲಿ ದಾರಿತಪ್ಪಿದ ಮಗುವಿನ ಮೇಲೆ ಕೋಪ ಬರುವುದು ಕಷ್ಟ.

ಕಲ್ಕತ್ತೆಯ ಮದರ್ ತೆರೇಸಾರನ್ನು ಅರಿಯದವರಾರು? ಅವರ ಮರಣಾನಂತರ 2007ರಲ್ಲಿ ಪ್ರಕಟವಾದ ಪತ್ರಗಳಿಂದ, ದೇವರ ಸಾನ್ನಿಧ್ಯವೇ ಅನುಭವಕ್ಕೆ ಬಾರದ ಕತ್ತಲೆಯಲ್ಲಿ ಅವರು ಸುಮಾರು ಐವತ್ತು ವರ್ಷಗಳನ್ನು ಕಳೆದರೆಂದು ಲೋಕಕ್ಕೆ ತಿಳಿಯಿತು. ಆ ಕತ್ತಲೆಯಲ್ಲಿಯೇ ಅವರು ದಿನವೂ ಎದ್ದು ರೋಗಿಗಳ ಬಳಿಗೆ ಹೋದರು. ಅವರ ಸಭೆಯು ಇದೆಲ್ಲವನ್ನೂ ತಿಳಿದೇ 2016ರಲ್ಲಿ ಅವರನ್ನು ಸಂತರೆಂದು ಸಾರಿತು. ಆದುದರಿಂದ ಸಂದೇಹವು ಬಂದ ಮಾತ್ರಕ್ಕೆ ಹಿಂದಿನ ನಂಬಿಕೆಯು ಸುಳ್ಳಾಗುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಇಲ್ಲಿ ಒಂದು ಆಕ್ಷೇಪವುಂಟು. ಯಾಕೋಬನ ಪತ್ರಿಕೆಯಲ್ಲಿ ಸಂದೇಹಪಡುವವನನ್ನು ಗಾಳಿಗೆ ಹೊಯ್ದಾಡುವ ಸಮುದ್ರದ ತೆರೆಗೆ ಹೋಲಿಸಿಲ್ಲವೇ ಎಂದು ಕೇಳಬಹುದು. ಅಹುದು. ಆದರೆ ಯೂದನ ಪತ್ರಿಕೆಯು ಸಂದೇಹಪಡುವವರ ಮೇಲೆ ಕನಿಕರವಿಡಬೇಕೆಂದು ವಿಧಿಸುತ್ತದೆ. ಎರಡಕ್ಕೂ ವಿರೋಧವಿಲ್ಲ, ಯಾತಕ್ಕೆಂದರೆ ಸಂದೇಹವೆಂಬ ಒಂದೇ ಹೆಸರಿನಲ್ಲಿ ಹಲವು ವಸ್ತುಗಳು ಅಡಗಿವೆ. ಗೌತಮನ ನ್ಯಾಯಶಾಸ್ತ್ರವು ಹದಿನಾರು ಪದಾರ್ಥಗಳಲ್ಲಿ ಸಂಶಯವನ್ನು ಮೂರನೆಯದಾಗಿಯೂ ನಿರ್ಣಯವನ್ನು ಒಂಬತ್ತನೆಯದಾಗಿಯೂ ಎಣಿಸುತ್ತದೆ. ಮುಸ್ಸಂಜೆಯಲ್ಲಿ ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬ ಸಂಶಯವು ಹುಟ್ಟಿದರೆ ತಾನೇ ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡುವುದು? ಇಂಥ ಸಂಶಯವು ತಿಳಿವಳಿಕೆಯ ಬಾಗಿಲು. ನೋಡಲು ಇಷ್ಟವಿಲ್ಲದೆ, ಎರಡು ದೋಣಿಗಳಲ್ಲಿ ಕಾಲಿಟ್ಟು, ಯಾವುದಕ್ಕೂ ಕಟ್ಟುಬೀಳದಿರುವುದು ಎರಡನೆಯ ಬಗೆ. ಯಾಕೋಬನು ಖಂಡಿಸಿದುದು ಈ ಇಬ್ಬಗೆಯ ಮನಸ್ಸನ್ನು. ಮೂರನೆಯದು ಭಯ. ಅದರಲ್ಲಿ ದೇವರ ವಿಷಯದ ಸಂಶಯವೇನೂ ಇರುವುದಿಲ್ಲ. ತನ್ನ ವಿಷಯದ ಅಳುಕೇ ಇರುತ್ತದೆ. ಆ ವೃದ್ಧರದು ಈ ಮೂರನೆಯ ಬಗೆಯದು. ದೇವರಿಲ್ಲವೆಂದು ಅವರು ಹೇಳುತ್ತಿಲ್ಲ, ‘ನನ್ನಂಥವನು ಅವನಿಗೆ ಬೇಕೇ?’ ಎಂದು ಕೇಳುತ್ತಿದ್ದಾರೆ.

ನಾಲ್ಕನೆಯದೂ ಒಂದುಂಟು, ಗೃಹಸ್ಥರು ಇದನ್ನು ತಿಳಿದಿರಬೇಕು. ಜಾನ್ ನ್ಯೂಟನನೊಡನೆ ಸೇರಿ 1779ರಲ್ಲಿ ಪ್ರಸಿದ್ಧವಾದ ಗೀತಸಂಗ್ರಹವನ್ನು ಹೊರತಂದ ಇಂಗ್ಲಿಷ್ ಕವಿ ವಿಲಿಯಂ ಕೂಪರನು, ತನ್ನ ಹಾಡುಗಳಿಂದ ಇತರರಿಗೆ ನೆಮ್ಮದಿ ಕೊಡುತ್ತಲೇ, ತಾನು ಮಾತ್ರ ದೇವರಿಂದ ಶಾಶ್ವತವಾಗಿ ತಿರಸ್ಕೃತನೆಂಬ ಭ್ರಮೆಯಿಂದ 1800ರಲ್ಲಿ ತೀರಿಕೊಳ್ಳುವವರೆಗೂ ಬಿಡುಗಡೆ ಹೊಂದಲಿಲ್ಲ. ಅದು ನಂಬಿಕೆಯ ಕೊರತೆಯಲ್ಲ, ಮನಸ್ಸಿನ ವ್ಯಾಧಿ. ಒಂದೇ ಪಾಪವನ್ನು ನೂರು ಬಾರಿ ಅರಿಕೆಮಾಡಿದರೂ ಸಮಾಧಾನವಾಗದೆ, ಅನ್ನನಿದ್ರೆಗಳನ್ನು ಬಿಟ್ಟು, ಬದುಕೇ ಬೇಡವೆನ್ನುವವರನ್ನು ಉಪದೇಶದಿಂದ ಸರಿಪಡಿಸಲು ಹೊರಡುವುದು ಕ್ರೌರ್ಯ. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು. ತಡಮಾಡದೆ ಕರೆದುಕೊಂಡು ಹೋಗತಕ್ಕದ್ದು. ವೈದ್ಯನ ಬಳಿಗೆ ಹೋಗುವುದರಿಂದ ದೇವರ ಮೇಲಿನ ಭಕ್ತಿಗೆ ಕುಂದು ಬಾರದು.

ಇನ್ನು ಎರಡನೆಯ ಪ್ರಶ್ನೆ: ‘ನಿನಗೆ ಹೇಗೆ ಗೊತ್ತು?’

ಇದಕ್ಕೆ ಮಗಳು ಪ್ರೀತಿಯಿಂದ ಕೊಡಬಹುದಾದ ಉತ್ತರವು, ‘ನೀವು ಇಷ್ಟು ಒಳ್ಳೆಯವರಾಗಿ ಬಾಳಿದಿರಲ್ಲ ಅಪ್ಪ’ ಎಂಬುದು. ಆ ಮಾತು ಗಾಯಕ್ಕೆ ಉಪ್ಪನ್ನು ಸವರೀತು. ಮುದುಕರಿಗೆ ತಾವು ಮಾಡಿದ ಒಳ್ಳೆಯದಕ್ಕಿಂತ ಮಾಡದೆ ಉಳಿದದ್ದೇ ಹೆಚ್ಚಾಗಿ ಜ್ಞಾಪಕಕ್ಕೆ ಬರುತ್ತದೆ. ‘ನೀವು ಗಟ್ಟಿಯಾಗಿ ನಂಬಿದ್ದೀರಲ್ಲ’ ಎಂದರೂ ಅಷ್ಟೇ. ಅವರು ತಮ್ಮ ನಂಬಿಕೆಯನ್ನೇ ತಕ್ಕಡಿಯಲ್ಲಿಟ್ಟು ತೂಗಲಾರಂಭಿಸುತ್ತಾರೆ, ತೂಕವು ಸಾಲದೆಂದೇ ಅವರಿಗೆ ತೋರುತ್ತದೆ. ಈ ಎರಡು ಉತ್ತರಗಳೂ ದೃಷ್ಟಿಯನ್ನು ತನ್ನ ಮೇಲೆಯೇ ತಿರುಗಿಸುತ್ತವೆ.

ನಂಜನಗೂಡಿನಲ್ಲಿ ಕಪಿಲೆಗೆ ದಳವಾಯಿ ದೇವರಾಜಯ್ಯನು 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯು ವಾಚಕರಲ್ಲಿ ಹಲವರಿಗೆ ಪರಿಚಿತವಾದುದು. ಬಹುಕಾಲ ಅದು ರಸ್ತೆಯ ಗಾಡಿಗಳನ್ನೂ ರೈಲುಬಂಡಿಯನ್ನೂ ಹೊತ್ತಿತು. ಹೊಳೆ ತುಂಬಿ ಹರಿಯುವಾಗ ಎದೆಗುಂದದೆ ದಾಟಿದವರೂ ಇದ್ದರು, ಕಣ್ಣುಮುಚ್ಚಿ ದೇವರನ್ನು ನೆನೆಯುತ್ತ ದಾಟಿದವರೂ ಇದ್ದರು. ಇಬ್ಬರೂ ದಡ ಸೇರಿದರು. ಅವರನ್ನು ಹೊತ್ತದ್ದು ಕಲ್ಲು, ಅವರ ಧೈರ್ಯವಲ್ಲ. ಕ್ರೈಸ್ತ ಸಿದ್ಧಾಂತದಂತೆ ರಕ್ಷಿಸುವವನು ಕ್ರಿಸ್ತನು. ಮನುಷ್ಯನ ನಂಬಿಕೆಯು ಆತನ ಮೇಲೆ ಇಟ್ಟ ಕಾಲಷ್ಟೆ. ಕಾಲು ನಡುಗಿದರೆ ಸೇತುವೆಯು ಕುಸಿಯುವುದಿಲ್ಲ.

ಹಾಗಾದರೆ ಸೇತುವೆಯು ಗಟ್ಟಿಯೆಂದು ಹೇಗೆ ಗೊತ್ತು? ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಆಪ್ತವಾಕ್ಯವನ್ನೂ ಪ್ರಮಾಣವೆಂದು ಒಪ್ಪುತ್ತಾರೆ. ನಮ್ಮ ತಾಯಿ ಇವಳೇ ಎಂದು ನಮಗೆ ಹೇಗೆ ಗೊತ್ತು? ನಾವು ಹುಟ್ಟಿದುದನ್ನು ನಾವು ನೋಡಿಲ್ಲ, ತರ್ಕದಿಂದಲೂ ಸಾಧಿಸಿಲ್ಲ. ನಂಬತಕ್ಕವರು ಹೇಳಿದರು, ಎತ್ತಿ ಸಾಕಿದ ಕೈಗಳು ಆ ಮಾತನ್ನು ದಿನದಿನವೂ ಸ್ಥಿರಪಡಿಸಿದವು. ಕ್ರೈಸ್ತನಿಗೆ ರಕ್ಷಣೆಯ ನಿಶ್ಚಯವು ಈ ಜಾತಿಯದು. ಲೆಕ್ಕದ ಮನೆಯ ನಿಶ್ಚಯವಲ್ಲ. ತನ್ನ ಬಳಿಗೆ ಬರುವವರನ್ನು ತಳ್ಳಿಬಿಡುವುದಿಲ್ಲವೆಂದು ಯೇಸು ಹೇಳಿದನೆಂದು ಅವರ ಶಾಸ್ತ್ರವು ಸಾರುತ್ತದೆ. ನಮ್ಮ ಹೃದಯವೇ ನಮ್ಮನ್ನು ದೋಷಿಯೆಂದರೂ ದೇವರು ಆ ಹೃದಯಕ್ಕಿಂತ ದೊಡ್ಡವನೆಂದು ಯೋಹಾನನು ಬರೆದಿದ್ದಾನೆ. ‘ವಿಶ್ವಾಸ’ವೆಂಬ ನಮ್ಮ ಶಬ್ದದ ಮೂಲದಲ್ಲಿಯೂ ಉಸಿರಾಟದ ಅರ್ಥದ ಶ್ವಸ್ ಧಾತುವಿದೆ, ಬಿಗಿಹಿಡಿದ ಉಸಿರನ್ನು ಸಡಿಲಬಿಡುವುದೇ ವಿಶ್ವಾಸ.

ನನ್ನ ಶಿಷ್ಯೆಗೆ ನಾನು ಹೇಳಿದುದು ಇಷ್ಟೇ: “ಹೇಗೆ ಗೊತ್ತು ಎಂದು ಅಪ್ಪ ಕೇಳಿದರೆ, ‘ನನಗೆ ಗೊತ್ತಿಲ್ಲ ಅಪ್ಪ, ನೀವು ನೆಚ್ಚಿದಾತನು ಹೀಗೆ ಹೇಳಿದ್ದಾನೆ’ ಎಂದು ಆ ಭಾಗವನ್ನು ಓದಿ ಹೇಳಮ್ಮ. ಪಾದ್ರಿಗಳನ್ನೂ ಕರೆಸು, ನಾಚಿಕೆ ಬೇಡ.” ಕೆಲವು ವಾರಗಳ ಮೇಲೆ ಆಕೆಯ ಕಾಗದ ಬಂದಿತು. ಪಾದ್ರಿಗಳು ಮನೆಗೆ ಬಂದು ಪ್ರಾರ್ಥಿಸಿ, ಪ್ರಭುಭೋಜನವನ್ನು ಕೊಟ್ಟರಂತೆ. ಮುದುಕರು ಇನ್ನೂ ಕೆಲವು ರಾತ್ರಿ ಅದೇ ಪ್ರಶ್ನೆಯನ್ನು ಕೇಳುವುದುಂಟು. ಆಕೆ ಓದುತ್ತಾಳೆ, ಅವರು ಮಲಗುತ್ತಾರೆ.

ಆದರೆ ನಿಶ್ಚಯದ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ಹೆಂಡತಿಯನ್ನು ಹೊಡೆದು, ಆಳಿನ ಕೂಲಿಯನ್ನು ತಿಂದು, ‘ನನಗೆ ರಕ್ಷಣೆಯಾಗಿದೆ’ ಎಂದು ನಿಶ್ಚಿಂತನಾಗಿರುವವನು ಯಾವ ಮತದಲ್ಲಿಯೂ ಇರಬಹುದು. ಅಂಥವನಿಗೆ ಟ್ರೆಂಟಿನ ಸಭೆಯವರ ಎಚ್ಚರಿಕೆಯೂ, ಫಲವನ್ನು ನೋಡಿ ಮರವನ್ನು ತಿಳಿಯಬೇಕೆಂಬ ಸುವಾರ್ತೆಯ ಮಾತೂ ಸಲ್ಲುತ್ತವೆ. ಅಳುಕುವವನಿಗೆ ಅಭಯವನ್ನೂ ಬೀಗುವವನಿಗೆ ಎಚ್ಚರಿಕೆಯನ್ನೂ ಕೊಡಬೇಕು. ಈ ಔಷಧಗಳನ್ನು ಅದಲುಬದಲು ಮಾಡಿದರೆ ಇಬ್ಬರಿಗೂ ಕೇಡು.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿಜ್ಞಾಪನೆ. ಕಾಲೇಜಿನಿಂದ ಬಂದ ಮಗನು ಊಟದ ಹೊತ್ತಿನಲ್ಲಿ ‘ನನಗೆ ಇದರಲ್ಲಿ ನಂಬಿಕೆ ಬರುತ್ತಿಲ್ಲ’ ಎಂದರೆ ಗದರಿ ಬಾಯಿ ಮುಚ್ಚಿಸಬೇಡಿರಿ. ಮುಚ್ಚಿದ ಬಾಯೊಳಗೆ ಪ್ರಶ್ನೆಯು ಕೊಳೆಯುತ್ತದೆ, ಸಾಯುವುದಿಲ್ಲ. ನಮ್ಮ ದೇಶಕ್ಕೆ ಬಂದನೆಂದು ಪರಂಪರೆಯು ಹೇಳುವ ತೋಮನ ಕಥೆಯನ್ನು ನೆನೆಯಿರಿ. ಎದ್ದುಬಂದ ಯೇಸುವನ್ನು ಉಳಿದ ಶಿಷ್ಯರು ಕಂಡಾಗ ಅವನು ಅಲ್ಲಿರಲಿಲ್ಲ. ಕಣ್ಣಾರೆ ನೋಡಿ ಮುಟ್ಟಿದ ಹೊರತು ನಂಬೆನೆಂದನು. ಅವನು ಬೇಡಿದುದನ್ನು ನೋಡಿದುದು ಎಂಟು ದಿನಗಳ ಮೇಲೆ. ಆ ಎಂಟು ದಿನ ಅವನ ಜೊತೆಯವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದುಹೋಗಲಿಲ್ಲ. ಎಂಟನೆಯ ದಿನ ಅವನು ಅವರೊಡನೆಯೇ ಮನೆಯೊಳಗಿದ್ದನು. ಗೃಹಸ್ಥರಾದ ನಮ್ಮ ಕೈಲಾಗುವ ಕೆಲಸವೂ ಅಷ್ಟೇ: ಸಂದೇಹಪಡುವವನ ಎಲೆಯನ್ನು ಪಂಕ್ತಿಯಿಂದ ತೆಗೆಯದಿರುವುದು.